ಐದು ನಿಮಿಷದ ಕುಸ್‌ಕುಸ್, ಅವ್ವನ ಸೌತೆಬೀಜ

ಮೊದಲ ಸಲ ಕುಸ್‌ಕುಸ್ ಮಾಡಿದಾಗ ಉಪ್ಪಿಟ್ಟಿನ ಅಂದಾಜು ಹಿಡಿದೆ. ಒಂದು ಲೋಟಕ್ಕೆ ಮೂರು ಲೋಟ ನೀರು, ಕುದಿ ಬಂದ ಮೇಲೆ ಸುರಿದು ಕೈಯಾಡಿಸಿದ್ದು. ಬಾಣಲೆಯಲ್ಲಿ ಉಳಿದದ್ದು ಗೋಡೆಗೆ ಪೋಸ್ಟರ್ ಅಂಟಿಸಬಹುದಾದಂಥ ಅಂಟು. ರವೆಯಂಥದ್ದು ಏನು ಕಂಡರೂ ನಮ್ಮ ಕೈ ಸಾಸಿವೆ ಡಬ್ಬಿಯ ಕಡೆ ಹೋಗುತ್ತದಲ್ಲ, ಎಡವಿದ್ದು ಅಲ್ಲೇ.

ಕುಸ್‌ಕುಸ್ ಬರೀ ರವೆಯಲ್ಲ, ರವೆಯಿಂದ ಕಟ್ಟಿದ ಕಾಳು. ನಮ್ಮ ಬನ್ಸಿ ಗೋಧಿಯ ಜಾತಿಯದೇ ಆದ ಡ್ಯೂರಮ್ ಗೋಧಿಯ ರವೆಗೆ ಉಪ್ಪುನೀರು ಚಿಮುಕಿಸಿ, ಹಿಟ್ಟು ಉದುರಿಸುತ್ತ, ಅಗಲ ಪರಾತದಲ್ಲಿ ಅಂಗೈಯಿಂದ ಸುತ್ತುಸುತ್ತಾಗಿ ಆಡಿಸಿದರೆ ಪುಟ್ಟ ಕಾಳುಗಳು ಕಟ್ಟಿಕೊಳ್ಳುತ್ತವೆ. ಅವನ್ನು ಜರಡಿ ಹಿಡಿಯಬೇಕು. ಆಮೇಲೆ ತೂತಿನ ಪಾತ್ರೆಗೆ ಹಾಕಿ, ಕೆಳಗೆ ಕುದಿಯುವ ತರಕಾರಿ-ಮಾಂಸದ ಸಾರಿನ ಹಬೆಯಲ್ಲೇ ಎರಡು ಮೂರು ಸಲ ಬೇಯಿಸುವುದು. ಹೀಗೆ ಕೈಯಲ್ಲಿ ಕಾಳು ಕಟ್ಟುವುದು ಧಾರವಾಡದ ಕಡೆಯವರಿಗೇನು ಹೊಸದಲ್ಲ. ಮದುವೆ ಗೊತ್ತಾದ ಮನೆಯಲ್ಲಿ ಹೆಂಗಸರು ಕೂತು ಪರಡಿ, ಗೌಲಿ, ಸೌತೆಬೀಜ ಮಾಡುತ್ತಿದ್ದರು. ಅವ್ವ ಹಿಟ್ಟಿನ ಎಳೆಯನ್ನು ಎರಡು ಬೆರಳ ನಡುವೆ ಹೊಸೆದು ಚಿವುಟಿ ಹಾಕಿದರೆ ಪ್ರತಿ ಬೀಜಕ್ಕೂ ಎರಡು ತುದಿ ಚೂಪು. ಮಾತು ನಿಲ್ಲುತ್ತಿರಲಿಲ್ಲ, ಬೆರಳೂ ನಿಲ್ಲುತ್ತಿರಲಿಲ್ಲ. 2020ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಕುಸ್‌ಕುಸ್ ಮಾಡುವ ಇಂಥ ಕೈಚಳಕವನ್ನೇ. ಅರ್ಜಿ ಹಾಕಿದ್ದವರು ಅಲ್ಜೀರಿಯಾ, ಮೊರಾಕ್ಕೊ, ಟ್ಯುನೀಷಿಯಾ, ಮಾರಿಟಾನಿಯಾ, ನಾಲ್ವರೂ ಒಟ್ಟಿಗೆ.

ನಾನಿರುವ ನೆದರ್ಲೆಂಡ್ಸಿಗೆ ಕುಸ್‌ಕುಸ್ ಕೂಲಿ ಅರಸಿ ಬಂದವರ ಜೊತೆ ಬಂತು. 1969ರ ಮೇ 14ರಂದು ಮೊರಾಕ್ಕೊ ಸರ್ಕಾರಕ್ಕೂ ಇಲ್ಲಿನ ಸರ್ಕಾರಕ್ಕೂ ಒಪ್ಪಂದವಾಗಿ ಅಲ್ಲಿನ ಗಂಡಸರು ಇಲ್ಲಿನ ಕಾರ್ಖಾನೆಗಳಿಗೆ ಬಂದರು, ಆಮೇಲೆ ಹೆಂಡತಿ-ಮಕ್ಕಳು. ಈಗ ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಪೊಟ್ಟಣ ಸಿಗುತ್ತದೆ. ಅದು ಕಾರ್ಖಾನೆಯಲ್ಲೇ ಹಬೆ ಕಂಡು ಒಣಗಿದ ಮಾಲು. ನಾವು ಮಾಡುವುದು ಅಡುಗೆಯಲ್ಲ, ನೆನೆಹಾಕುವುದು ಅಷ್ಟೆ.

ಇದಕ್ಕೆ ಹಾಕುವ ಒಣಹಣ್ಣಿಗೆ ಮಾತ್ರ ನಾನು ದಿ ಹೇಗ್‌ನ ಹಾಗ್ಸೆ ಮಾರ್ಕ್ಟ್ ಸಂತೆಗೇ ಹೋಗುವುದು. ಅಲ್ಲಿ ತೂಕಕ್ಕೆ ಕೊಡುತ್ತಾರೆ. ಜರ್ದಾಲುವಿನಲ್ಲಿ ಎರಡು ಬಗೆ: ಗಂಧಕದ ಹೊಗೆ ಕಂಡು ಕಿತ್ತಳೆ ಬಣ್ಣ ಉಳಿಸಿಕೊಂಡದ್ದು, ಸುಮ್ಮನೆ ಒಣಗಿ ಕಂದಾದದ್ದು. ಕಂದುಬಣ್ಣದ್ದನ್ನೇ ತನ್ನಿ. ನೋಡಲು ಸಪ್ಪೆ, ಬಾಯಲ್ಲಿ ಬೆಲ್ಲ.

ಒಂದು ಚಮಚ ಬೆಣ್ಣೆಯಲ್ಲಿ ಹಿಡಿ ಬಾದಾಮಿ ಹುರಿದು ತೆಗೆದಿಡಿ. ಅದೇ ಬೆಣ್ಣೆಗೆ ಉದ್ದುದ್ದ ಹೆಚ್ಚಿದ ಈರುಳ್ಳಿ, ಒಂದು ಚೂರು ಚಕ್ಕೆ, ಉಪ್ಪು. ಸಣ್ಣ ಉರಿಯಲ್ಲಿ ಅದು ಕಂದುವವರೆಗೆ ಕಾಯಿರಿ. ಇಲ್ಲಿ ಅವಸರ ಮಾಡಿದರೆ ಎಲ್ಲ ಕೆಟ್ಟಿತು. ಒಣದ್ರಾಕ್ಷಿ, ಹೆಚ್ಚಿದ ಜರ್ದಾಲು ಹಾಕಿ ಎರಡು ನಿಮಿಷ ಬಾಡಿಸಿ. ಒಂದು ಲೋಟ ಕುಸ್‌ಕುಸ್‌ಗೆ ಒಂದೇ ಲೋಟ ಕುದಿನೀರು. ಉರಿ ಆರಿಸಿ, ಸುರಿದು, ಮುಚ್ಚಿ. ಐದು ನಿಮಿಷ ಮುಚ್ಚಳ ಮುಟ್ಟಬೇಡಿ. ಆಮೇಲೆ ಸೌಟಲ್ಲ, ಫೋರ್ಕಿನಿಂದ ಕೆದಕಿ. ಕಾಳು ಕಾಳಾಗಿ ಬಿಡುತ್ತದೆ. ಮೇಲೆ ಬಾದಾಮಿ, ನಿಂಬೆರಸ.

ಈರುಳ್ಳಿಗೆ ದ್ರಾಕ್ಷಿಯೇ ಎಂದು ಮೂಗು ಮುರಿಯಬೇಡಿ. ಮೊರಾಕ್ಕೊದವರು ಈ ಜೋಡಿಯನ್ನು ತ್ಫಾಯಾ ಎಂದು ಕರೆದು ಕುಸ್‌ಕುಸ್ ಮೇಲೆ ರಾಶಿ ಹಾಕುತ್ತಾರೆ. ಚೌಚೌ ಬಾತ್‌ನಲ್ಲಿ ಖಾರ-ಸಿಹಿ ಪಕ್ಕಪಕ್ಕ ಕೂರುತ್ತವೆ, ತ್ಫಾಯಾದಲ್ಲಿ ಸಂಸಾರವೇ ಹೂಡಿವೆ.

ನಮ್ಮ ಮನೆಯವರಿಗೆ ಇಷ್ಟವಾಗಿದೆ. ಆದರೂ ತಟ್ಟೆ ಕೈಗೆ ಬಂದೊಡನೆ ಎದ್ದು ಹೋಗಿ ಸೇವಿನ ಡಬ್ಬಿ ತರುತ್ತಾರೆ.