ಬೆಳೆದು ಮೂಡುವ ಚಿತ್ರಗಳು

ಚಿತ್ರಕಾರನು ಕುಂಚವನ್ನು ಕೆಳಗಿಟ್ಟನೆಂದರೆ ಚಿತ್ರವು ಮುಗಿಯಿತೆಂದೇ ನಮ್ಮೆಲ್ಲರ ತಿಳಿವಳಿಕೆ. ಆದರೆ ಆತನು ಕೈ ತೊಳೆದು ಮನೆಗೆ ಹೋದ ಮೇಲೆ ಮೂಡತೊಡಗುವ ಚಿತ್ರಗಳೂ ಉಂಟು. ಜೀವಂತ ಸೂಕ್ಷ್ಮಾಣುಗಳೇ ಅವುಗಳ ಬಣ್ಣ.

1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು ಈ ವಿನೋದದಲ್ಲಿ ನಿಪುಣರಾಗಿದ್ದರು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಈ ವಿಜ್ಞಾನಿ ಅಗರದ ಮೇಲೆ ನರ್ತಕಿಯರನ್ನೂ ಸೈನಿಕರನ್ನೂ ಮಗುವಿಗೆ ಹಾಲೂಡುವ ತಾಯಿಯನ್ನೂ ಬರೆದರು. ಬರೆಯುವಾಗ ಕಣ್ಣಿಗೆ ಕಾಣುವುದು ಏನೂ ಇಲ್ಲ. ಯಾವ ಅಣುಜೀವಿ ಎಷ್ಟು ದಿನಕ್ಕೆ ಕೆಂಪಾದೀತು, ಯಾವುದು ಹಳದಿಯಾದೀತು ಎಂಬ ಲೆಕ್ಕವೆಲ್ಲ ತಲೆಯಲ್ಲಿಯೇ ಇರಬೇಕು! ಅಗರವೆಂದರೆ ಬೇರೇನಲ್ಲ; ಕಡಲಪಾಚಿಯಿಂದ ತೆಗೆದ, ನಮ್ಮ ಗೃಹಿಣಿಯರು ಚೈನಾ ಗ್ರಾಸ್ ಎಂದು ಕರೆಯುವ ಪದಾರ್ಥ. ಬೇಸಗೆಯಲ್ಲೂ ಕರಗದ ಈ ಜೆಲ್ಲಿಯ ಗುಟ್ಟನ್ನು 1881ರಲ್ಲಿ ವಿಜ್ಞಾನಿ ಪತಿಗೆ ತಿಳಿಸಿ, ಅದನ್ನು ಪ್ರಯೋಗಶಾಲೆಗೆ ದಾಟಿಸಿದವರು ಫ್ಯಾನಿ ಹೆಸ್ಸೆ ಎಂಬ ಮಹಿಳೆ. ವಿಜ್ಞಾನವು ಅಡುಗೆಮನೆಗೆ ತೀರಿಸಬೇಕಾದ ಸಾಲಗಳು ಇನ್ನೂ ಎಷ್ಟಿವೆಯೋ!

ಫ್ಲೆಮಿಂಗರಿಗೆ ಕೈಯಳತೆಯೇ ಆಧಾರ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಒಂದು ಪ್ರಯೋಗಶಾಲೆಯಲ್ಲಿ ಆ ಹೊಣೆಯನ್ನು ಕಂಪ್ಯೂಟರಿಗೆ ವಹಿಸಲಾಯಿತು. ಅದು ಚಿತ್ರವನ್ನು ರಂಗೋಲಿಯ ಚುಕ್ಕಿಗಳಂತೆ ಬಿಡಿಸಿ, ಯಾವ ಚುಕ್ಕಿಗೆ ಯಾವ ಬಣ್ಣದ ಯೀಸ್ಟ್ ಎಂದು ಗೊತ್ತುಮಾಡುತ್ತದೆ. ಇದು ಬ್ರೆಡ್ಡನ್ನು ಉಬ್ಬಿಸುವ ಯೀಸ್ಟೇ. ಆದರೆ ಹೊರಗಿನ ಜೀನುಗಳನ್ನು ಸೇರಿಸಿರುವುದರಿಂದ ಒಂದು ತಳಿ ಗಜ್ಜರಿಯ ಕಿತ್ತಳೆ ಬಣ್ಣವನ್ನೂ ಇನ್ನೊಂದು ನೇರಳೆಯನ್ನೂ ತಾನೇ ತಯಾರಿಸುತ್ತದೆ. ಮುದ್ರಿಸುವ ಬಗೆಯಂತೂ ಇನ್ನೂ ಸೋಜಿಗ. ಯೀಸ್ಟ್ ತುಂಬಿದ ದ್ರವಕ್ಕೆ ಕೆಳಗಿನಿಂದ ಶಬ್ದದ ಅಲೆಯೊಂದು ತಾಗುತ್ತದೆ. ಹನಿಯೊಂದು ಮೇಲಕ್ಕೆ ಚಿಮ್ಮಿ, ಬೋರಲಾಗಿ ಹಿಡಿದ ಅಗರದ ತಟ್ಟೆಗೆ ಅಂಟಿಕೊಳ್ಳುತ್ತದೆ. ಹನಿಯ ಗಾತ್ರ 2.5 ನ್ಯಾನೊಲೀಟರ್; ಒಂದು ಮಿಲಿಲೀಟರಿನಲ್ಲಿ ಇಂಥ 4 ಲಕ್ಷ ಹನಿಗಳು! ಸೂಜಿಯಾಗಲಿ ಕುಂಚವಾಗಲಿ ಮುಟ್ಟದಿರುವುದರಿಂದ ಒಂದು ಬಣ್ಣಕ್ಕೆ ಇನ್ನೊಂದು ಬೆರೆಯುವ ಭಯವಿಲ್ಲ. ಆಮೇಲೆ ಹದವಾದ ಶಾಖದಲ್ಲಿಟ್ಟು ಕಾಯುವುದಷ್ಟೇ ಕೆಲಸ.

ಅಮೆರಿಕದ ಸೂಕ್ಷ್ಮಾಣುವಿಜ್ಞಾನ ಸಂಘವು 2015ರಲ್ಲಿ ಆರಂಭಿಸಿದ ಅಗರ ಚಿತ್ರಸ್ಪರ್ಧೆಯಲ್ಲಿ, 2017ರ ಪ್ರಥಮ ಬಹುಮಾನವು ಯೀಸ್ಟಿನಲ್ಲಿ ಮೂಡಿದ ಸೂರ್ಯಾಸ್ತವೊಂದಕ್ಕೆ ಸಂದಿತು.

ಆದರೆ ಚೆನ್ನಾಯಿತೆಂದು ನಾವು ಮೆಚ್ಚಿದ ಕ್ಷಣಕ್ಕೆ ಯೀಸ್ಟ್ ನಿಲ್ಲುವುದಿಲ್ಲ. ಚುಕ್ಕಿಗಳು ಹಿಗ್ಗುತ್ತವೆ, ಅಗರವು ಒಣಗಿ ಕುಗ್ಗುತ್ತದೆ. ಚಿತ್ರವನ್ನು ಉಳಿಸಬೇಕೆಂದರೆ ಅದರ ಜೀವವನ್ನು ತೆಗೆಯಬೇಕು. ಫ್ಲೆಮಿಂಗರೂ ಫಾರ್ಮಲಿನ್ ಹಾಕಿ ಹಾಗೆಯೇ ಮಾಡಿದರು. ಜೀವವೇ ಮುಖ್ಯವೆಂದರೆ, ಸರಿಯಾದ ದಿನವನ್ನು ಕಾದು ಒಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಮಾರ್ಪಡಿಸಿದ ಜೀವಿಗಳನ್ನು ಹಾಗೆಯೇ ಹೊರಗೆಸೆಯುವಂತಿಲ್ಲ. ಆದ್ದರಿಂದ ಕೊನೆಗೆ ಆ ತಟ್ಟೆಯು ಒತ್ತಡದ ಹಬೆಯಲ್ಲಿ ಬೇಯಲು ಹೋಗುತ್ತದೆ.