ಶಾಲೆಯ ಅಂಗಳದ ಹೊರಗೆ ಬೆಳೆದ ಐಟಿಐ

ಹೈಸ್ಕೂಲಿನ ಓದು ಇಷ್ಟಕ್ಕೇ ಸಾಕೆಂದು ತಾವೇ ತೀರ್ಮಾನಿಸಿದ, ಅಥವಾ ಮನೆಯ ಪರಿಸ್ಥಿತಿ ಹಾಗೆ ತೀರ್ಮಾನಿಸಿಬಿಟ್ಟ ಹುಡುಗ ಹುಡುಗಿಯರು ಕಸುಬೊಂದನ್ನು ಕಲಿತು ಸಂಪಾದನೆಗೆ ನಿಲ್ಲಲು ಕರ್ನಾಟಕದಲ್ಲಿರುವ ಹೆಚ್ಚು ಪರಿಚಿತವಾದ ದಾರಿ ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ಅಲ್ಲಿ ಕಲಿಸುವ ಒಂದೊಂದು ಕಸುಬಿಗೂ ‘ಟ್ರೇಡ್’ ಎಂಬ ಹೆಸರಿದ್ದು, ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮೊದಲಾದ ಟ್ರೇಡುಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆಂದೂ, ವೈರ್‌ಮನ್, ಬಡಗಿ, ಪ್ಲಂಬರ್ ಮುಂತಾದವುಗಳಿಗೆ ಎಂಟನೆಯ ತರಗತಿ ಮುಗಿಸಿದ್ದರೆ ಸಾಕೆಂದೂ ನಿಯಮವಿದೆ. ತರಗತಿ, ಹಾಜರಿ, ಪಠ್ಯಪುಸ್ತಕ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಇದ್ದರೂ ಈ ಸಂಸ್ಥೆ ಶಿಕ್ಷಣ ಇಲಾಖೆಯ ಕೂಸಲ್ಲ. ಊರಿನ ಪಾಲಿಟೆಕ್ನಿಕ್ ತಾಂತ್ರಿಕ ಶಿಕ್ಷಣ ಇಲಾಖೆಗೆ ಸೇರಿದರೆ, ಅದರ ಪಕ್ಕದ ಐಟಿಐ ಉದ್ಯೋಗ ವಿನಿಮಯ ಕೇಂದ್ರಗಳನ್ನು ನಡೆಸುವ ಇಲಾಖೆಗೆ ಸೇರುತ್ತದೆ. ಕೇಂದ್ರ ಸರ್ಕಾರದಲ್ಲಿಯೂ 2015ರವರೆಗೆ ಇದರ ಹೊಣೆ ಕಾರ್ಮಿಕ ಸಚಿವಾಲಯದ್ದೇ ಆಗಿತ್ತು. ಹೀಗಾದದ್ದು ಆಕಸ್ಮಿಕವಾಗಿ ಅಲ್ಲ. ಈ ಏರ್ಪಾಡನ್ನು ಹಂತಹಂತವಾಗಿ ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಅನಾಥ ಮಕ್ಕಳು, ಯುದ್ಧದ ಕಾರ್ಖಾನೆಗಳು, ಸೇನೆಯಿಂದ ಹಿಂದಿರುಗಿದವರು ಮತ್ತು ನಿರಾಶ್ರಿತರು; ಶಾಲೆ ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಈ ಏರ್ಪಾಡಿಗೂ ಮೊದಲು ಕಸುಬು ಕಲಿಯುವುದು ಕುಲದ ವಿಷಯವಾಗಿತ್ತು. ಕಮ್ಮಾರನ ಮಗ ತಿದಿಯ ಮುಂದೆ, ಅಕ್ಕಸಾಲಿಯ ಮಗ ಕುಲುಮೆಯ ಮುಂದೆ, ನೇಕಾರನ ಮಗ ಮಗ್ಗದ ಕುಳಿಯಲ್ಲಿ ಕೂತು ಕಲಿಯುತ್ತಿದ್ದುದರಿಂದ, ಶಾಲೆ ಬಿಟ್ಟು ಕಸುಬಿಗೆ ಹೋಗುವುದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಾಗೆಯೇ ಬೇರೆ ಮನೆಯ ಹುಡುಗ ಆ ಕುಲುಮೆಯ ಮುಂದೆ ಕೂರುವ ಅವಕಾಶವೂ ಬಹುಮಟ್ಟಿಗೆ ಇರಲಿಲ್ಲ. ಹುಟ್ಟನ್ನು ಕೇಳದೆ ಕಸುಬು ಕಲಿಸಬೇಕೆಂಬ ಬರಹದ ಕರಾರು ಈ ದೇಶದಲ್ಲಿ ಕಾನೂನಿನ ರೂಪ ಪಡೆದದ್ದು ಕಂಪನಿ ಸರ್ಕಾರದ 1850ರ ಅಪ್ರೆಂಟಿಸ್ ಕಾಯ್ದೆಯಿಂದ. ಅಪ್ರೆಂಟಿಸ್ ಎಂದರೆ ನಿಗದಿಯಾದ ಅವಧಿಯವರೆಗೆ ಒಡೆಯನೊಬ್ಬನ ಬಳಿ ದುಡಿಯುತ್ತ ಅವನ ಕಸುಬನ್ನು ಕಲಿಯಲು ಕರಾರಿನಿಂದ ಬದ್ಧನಾದವನು. ಹತ್ತು ವರ್ಷ ದಾಟಿದ, ಹದಿನೆಂಟು ತುಂಬದ ಮಗುವನ್ನು ತಂದೆ ಅಥವಾ ಪಾಲಕರು ಏಳು ವರ್ಷ ಮೀರದಂತೆ ಹೀಗೆ ಒಪ್ಪಿಸಬಹುದಾಗಿತ್ತು. ಕರಾರು ಗಂಡುಮಕ್ಕಳ ವಿಷಯದಲ್ಲಿ ಇಪ್ಪತ್ತೊಂದನೆಯ ವಯಸ್ಸನ್ನೂ, ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯನ್ನೂ ದಾಟುವಂತಿರಲಿಲ್ಲ. ಕಾಯ್ದೆಯ ನಿಜವಾದ ಉದ್ದೇಶ ಅದರ ಇನ್ನೊಂದು ಕಲಮಿನಲ್ಲಿ ಎದ್ದು ಕಾಣುತ್ತದೆ: ಅನಾಥ ಮಗುವಿಗೆ, ಹೆತ್ತವರು ಕೈಬಿಟ್ಟ ಬಡ ಮಗುವಿಗೆ, ಅಲೆಮಾರಿತನ ಅಥವಾ ಸಣ್ಣಪುಟ್ಟ ಅಪರಾಧಕ್ಕೆ ಶಿಕ್ಷೆಗೆ ಒಳಗಾದ ಮಗುವಿಗೆ ಮ್ಯಾಜಿಸ್ಟ್ರೇಟರೇ ಪಾಲಕರಾಗಿ ನಿಂತು ಕರಾರು ಮಾಡಿಸಬಹುದಾಗಿತ್ತು. ಕಸುಬಿನ ಕಲಿಕೆಯೆಂದರೆ ಬೇರೆಲ್ಲಿಯೂ ಜಾಗವಿಲ್ಲದವರಿಗೆ ಸರ್ಕಾರ ತೋರಿಸುವ ಜಾಗ ಎಂಬ ಭಾವನೆಗೆ ಇಲ್ಲಿಯೇ ಬುನಾದಿ ಬಿದ್ದಿತೆನ್ನಬೇಕು.

ಶಾಲೆಯ ಒಳಗೇ ಕಸುಬಿಗೆ ಎಡೆ ಮಾಡಿಕೊಡುವ ಯತ್ನಗಳು ನಡೆಯದೆ ಇರಲಿಲ್ಲ. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗ ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡು ಕವಲಾಗಿ ಒಡೆದು, ಒಂದನ್ನು ವಿಶ್ವವಿದ್ಯಾಲಯದ ಪ್ರವೇಶಕ್ಕೂ ಇನ್ನೊಂದನ್ನು ವ್ಯಾಪಾರ ಮತ್ತು ಉದ್ಯೋಗಕ್ಕೂ ಮೀಸಲಿಡಬೇಕೆಂದು ಶಿಫಾರಸು ಮಾಡಿತು. ಎರಡನೆಯ ಕವಲು ಬೆಳೆಯಲೇ ಇಲ್ಲ. ಸರ್ಕಾರಿ ಕಚೇರಿಯ ಗುಮಾಸ್ತಿಕೆಗೆ ಮೆಟ್ರಿಕ್ಯುಲೇಷನ್ ಬೇಕಾಗಿದ್ದಾಗ ಅದಕ್ಕೆ ಕೊಂಡೊಯ್ಯದ ಕವಲಿಗೆ ಮಗನನ್ನು ಸೇರಿಸುವ ತಂದೆ ಸಿಗುವುದು ಕಷ್ಟವಾಗಿತ್ತು, ಮತ್ತು ಆ ತಂದೆಯರ ಲೆಕ್ಕಾಚಾರ ತಪ್ಪೆಂದು ಹೇಳುವಂತೆಯೂ ಇಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ನಯೀ ತಾಲೀಮ್, ಅಂದರೆ ಕೈಕಸುಬಿನ ಮೂಲಕವೇ ಎಲ್ಲ ಪಾಠಗಳನ್ನೂ ಕಲಿಸುವ ಮೂಲ ಶಿಕ್ಷಣ ಪದ್ಧತಿ, ಇದಕ್ಕಿಂತ ಬಹಳ ಆಳವಾದ ಚಿಂತನೆ. ಆದರೆ ಹೆಚ್ಚಿನ ಕಡೆ ಅದು ತಕಲಿ ಹಿಡಿದು ನೂಲುವ ಒಂದು ಪೀರಿಯಡ್ಡಿಗೆ ಇಳಿದು, ಆಮೇಲೆ ಅದೂ ಮರೆಯಾಯಿತು.

ಕಾರ್ಖಾನೆ ಇದ್ದಲ್ಲಿ ಮಾತ್ರ ಕಲಿಕೆ ನೆಲೆನಿಂತಿತು. ಬಿಹಾರದ ಜಮಾಲ್‌ಪುರದಲ್ಲಿ 1862ರಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರದಂತೆಯೇ ಮುಂದೆ ಹುಬ್ಬಳ್ಳಿಯ ಕಾರ್ಯಾಗಾರವೂ ಎಂಜಿನ್ನು ಮತ್ತು ಗಾಡಿಗಳ ದುರಸ್ತಿಗೆ ಬೇಕಾದ ಕೈಗಳನ್ನು ತನ್ನೊಳಗೇ ತಯಾರಿಸಿಕೊಂಡಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ, ನೇಯ್ಗೆ, 1860ರ ದಶಕದಿಂದ ಹೆಂಚಿನ ಕಾರ್ಖಾನೆ ಮತ್ತು ಯಂತ್ರಗಳ ಕಾರ್ಯಾಗಾರವನ್ನು ನಡೆಸಿದ್ದರ ಹಿಂದೆಯೂ ಇಂಥದೇ ಒತ್ತಡವಿತ್ತು. ಮತಾಂತರಗೊಂಡವರು ಹಳೆಯ ಜಾತಿಯೊಂದಿಗೆ ಹಳೆಯ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಹೊಸ ಕಸುಬು ಬೇಕಾಗಿತ್ತು. ಅದೇ ಮಿಷನ್ ಕೆಲಸ ಮಾಡಿದ್ದ ತಲಶ್ಶೇರಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿ, ಬಳಿಕ ಬೆಂಗಳೂರಿನ ಪೀಣ್ಯದಲ್ಲಿ ನೆಲೆಯೂರಿದ ಎನ್‌ಟಿಟಿಎಫ್ ತರಬೇತಿ ಸಂಸ್ಥೆ ಇಂದಿಗೂ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಅಚ್ಚು ಮತ್ತು ಉಪಕರಣಗಳ ತಯಾರಿಕೆಯ ಕಲಿಕೆಗೆ ಹೆಸರಾಗಿದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮರಗೆಲಸ ಮತ್ತು ಬೀಟೆಯ ಕುಸುರಿಗೆ ನೆಲೆಯಾಯಿತು. ಬೆಂಗಳೂರಿನಲ್ಲಿ 1943ರಲ್ಲಿ ಪ್ರಾರಂಭವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದುದಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಸರ್.ಎಂ. ವಿಶ್ವೇಶ್ವರಯ್ಯನವರು ಬಿಟ್ಟುಕೊಟ್ಟದ್ದರ ಫಲ. ಅದು ಮುಂದೆ ಎಸ್.ಜೆ. ಪಾಲಿಟೆಕ್ನಿಕ್ ಆಗಿ ಶಿಕ್ಷಣ ಇಲಾಖೆಯ ಕಡೆಗೆ ಸರಿದದ್ದು ಗಮನಿಸಬೇಕಾದ ಸಂಗತಿ: ಕಸುಬಿನ ಶಾಲೆಗೆ ಗೌರವ ಬಂದಾಗಲೆಲ್ಲ ಅದು ಡಿಪ್ಲೊಮಾದ ಕಡೆಗೆ ಏರಿಹೋಗಿ, ಕೆಳಗಿನ ಮೆಟ್ಟಿಲು ಮತ್ತೆ ಖಾಲಿಯಾಗುತ್ತಿತ್ತು.

ಆ ಕೆಳಗಿನ ಮೆಟ್ಟಿಲನ್ನು ದೇಶದುದ್ದಕ್ಕೂ ಹಾಕಿದ್ದು ಎರಡನೆಯ ಮಹಾಯುದ್ಧ. ಮದ್ದುಗುಂಡಿನ ಕಾರ್ಖಾನೆಗಳಿಗೂ ಸೇನೆಯ ತಾಂತ್ರಿಕ ವಿಭಾಗಗಳಿಗೂ ಫಿಟ್ಟರುಗಳು, ಟರ್ನರುಗಳು, ವೆಲ್ಡರುಗಳು ಸಾವಿರಗಟ್ಟಲೆ ಬೇಕಾದಾಗ, ಏಳು ವರ್ಷದ ಕಲಿಕೆಯನ್ನು ಕೆಲವೇ ತಿಂಗಳಿಗೆ ಇಳಿಸಿ ಕಲಿಸುವ ತಾಂತ್ರಿಕ ತರಬೇತಿ ಯೋಜನೆಯನ್ನು ಭಾರತ ಸರ್ಕಾರ 1940ರಲ್ಲಿ ಕೈಗೆತ್ತಿಕೊಂಡಿತು. ಬ್ರಿಟನ್ನಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಅವರ ಯೋಜನೆಯ ಮೇರೆಗೆ 1941ರಿಂದ ಭಾರತದ ಕುಶಲಕರ್ಮಿಗಳ ಸಣ್ಣ ಸಣ್ಣ ತಂಡಗಳು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ತರಬೇತಿ ಪಡೆದು ಬಂದವು. ಅವರಿಗೆ ‘ಬೆವಿನ್ ಬಾಯ್ಸ್’ ಎಂಬ ಹೆಸರು ಅಂಟಿಕೊಂಡಿತು. ಇಲ್ಲಿನ ಯೋಜನೆ ಕಾರ್ಮಿಕ ಇಲಾಖೆಯ ವಶದಲ್ಲಿತ್ತು ಮತ್ತು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಆ ಖಾತೆಯನ್ನು ಹೊತ್ತವರು ಡಾ. ಬಿ.ಆರ್. ಅಂಬೇಡ್ಕರ್. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 25 ಲಕ್ಷ ಬಲದ ಸೇನೆಯಿಂದ ಮನೆಗೆ ಮರಳುವವರಿಗೆಲ್ಲ ಕೆಲಸ ಹುಡುಕಿಕೊಡುವ ಹೊಣೆ ಎದುರಾದುದರಿಂದ, ಇದೇ ಇಲಾಖೆಯ ಅಡಿಯಲ್ಲಿ 1945ರ ಜುಲೈನಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ರಚನೆಯಾಯಿತು. ಉದ್ಯೋಗ ವಿನಿಮಯ ಕೇಂದ್ರ ಮತ್ತು ತರಬೇತಿ ಕೇಂದ್ರ ಒಂದೇ ಸೂರಿನಡಿ ಬಂದದ್ದು ಹೀಗೆ. ಎರಡು ವರ್ಷ ಕಳೆಯುವ ಹೊತ್ತಿಗೆ ದೇಶ ವಿಭಜನೆಯಾಗಿ, ಸೈನಿಕರಿಗಾಗಿ ತೆರೆದ ಬಾಗಿಲಲ್ಲಿ ನಿರಾಶ್ರಿತರು ನಿಂತಿದ್ದರು.

ಕಲಿಸುವವರನ್ನು ತಯಾರಿಸಲು 1948ರಲ್ಲಿ ಬಿಲಾಸ್‌ಪುರದ ಬಳಿಯ ಕೋನಿಯಲ್ಲಿ ಬೋಧಕರ ಕೇಂದ್ರೀಯ ತರಬೇತಿ ಸಂಸ್ಥೆ ಆರಂಭವಾಯಿತು. 1950ರಲ್ಲಿ ಸೈನಿಕ, ನಿರಾಶ್ರಿತ ಎಂಬ ಭೇದವನ್ನು ಕೈಬಿಟ್ಟು ಸಾಮಾನ್ಯ ನಾಗರಿಕರೆಲ್ಲರಿಗೂ ತೆರೆದ ಕುಶಲಕರ್ಮಿ ತರಬೇತಿ ಯೋಜನೆ ಜಾರಿಗೆ ಬಂದಿತು. ಇಂದಿನ ಐಟಿಐಗಳೆಲ್ಲ ಈ ಯೋಜನೆಯ ಅಡಿಯಲ್ಲಿಯೇ ನಡೆಯುತ್ತವೆ. ಇದನ್ನು ಪರಿಶೀಲಿಸಲು 1952ರಲ್ಲಿ ನೇಮಕಗೊಂಡ ಸಮಿತಿಯ ಅಧ್ಯಕ್ಷರಾಗಿದ್ದವರು ಬೆನೆಗಲ್ ಶಿವರಾವ್. ಮಂಗಳೂರಿನಲ್ಲಿ ಹುಟ್ಟಿ, ಪತ್ರಕರ್ತರಾಗಿ ಹೆಸರು ಮಾಡಿ, ಸಂವಿಧಾನ ಸಭೆಯಲ್ಲಿ ಕೂತು, ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಆಯ್ಕೆಯಾದ ಇವರನ್ನು ಸಂವಿಧಾನದ ಇತಿಹಾಸಕಾರರಾಗಿ ನೆನೆಯುವವರಿದ್ದಾರೆ. ಐಟಿಐಗಳ ವಿಷಯದಲ್ಲಿ ನೆನೆಯುವವರು ಕಾಣುವುದಿಲ್ಲ. ಕಾರ್ಖಾನೆ ಎಲ್ಲಿದೆಯೋ ಅಲ್ಲಿನ ಅಗತ್ಯ ದೆಹಲಿಗೆ ತಿಳಿಯದೆಂಬ ಸರಳ ಕಾರಣ ಈ ಸಮಿತಿಯ ಬೆನ್ನಿಗಿತ್ತೆನ್ನಬಹುದು: ದಿನನಿತ್ಯದ ಆಡಳಿತವನ್ನು ರಾಜ್ಯಗಳಿಗೆ ಒಪ್ಪಿಸಬೇಕು, ಪಠ್ಯಕ್ರಮ ಮತ್ತು ಪರೀಕ್ಷೆಯ ಮಟ್ಟವನ್ನು ಕೇಂದ್ರ ಕಾಯಬೇಕು ಎಂಬ ಹಂಚಿಕೆ ಅದರ ಶಿಫಾರಸಿನಂತೆ ಜಾರಿಗೆ ಬಂದಿತು. ಹಸ್ತಾಂತರ ನಡೆದದ್ದು 1956ರ ನವೆಂಬರ್ 1ರಂದು, ಅಂದರೆ ಕನ್ನಡ ನಾಡು ಒಂದಾದ ದಿನವೇ. ಹೊಸ ರಾಜ್ಯ ಐಟಿಐಗಳೊಂದಿಗೇ ಕಣ್ಣುಬಿಟ್ಟಿತು. 1961ರ ಹೊಸ ಅಪ್ರೆಂಟಿಸ್ ಕಾಯ್ದೆ 1850ರ ಹಳೆಯ ಕಾಯ್ದೆಯನ್ನು ರದ್ದುಗೊಳಿಸಿ, ಕನಿಷ್ಠ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿ, ಕಾರ್ಖಾನೆಗಳು ಇಂತಿಷ್ಟು ಅಪ್ರೆಂಟಿಸುಗಳನ್ನು ತೆಗೆದುಕೊಂಡು ಸ್ಟೈಪೆಂಡ್ ಕೊಟ್ಟು ಕಲಿಸಲೇಬೇಕೆಂದು ವಿಧಿಸಿತು. ಕಲಿತ ಮೇಲೆ ಅಲ್ಲಿಯೇ ಕೆಲಸ ಕೊಡಬೇಕೆಂದು ಮಾತ್ರ ಅದು ಹೇಳಲಿಲ್ಲ.

ಈ ಕಲಿಕೆಯ ಗುಣವೇನೆಂಬುದು ಕಾಯ್ದೆಗಳಿಂದ ತಿಳಿಯುವುದಿಲ್ಲ. ಫಿಟ್ಟರ್ ಟ್ರೇಡಿನ ಮೊದಲ ವರ್ಷದ ಕಾರ್ಯಾಗಾರವನ್ನು ನೋಡಬೇಕು. ಫಿಟ್ಟರ್ ಎಂದರೆ ಲೋಹದ ಬಿಡಿಭಾಗಗಳನ್ನು ಅಳತೆಗೆ ತಂದು ಒಂದಕ್ಕೊಂದು ಕೂರಿಸುವವನು. ಸಾಲು ಬೆಂಚುಗಳ ಮೇಲೆ ಮೊಣಕೈ ಮಟ್ಟಕ್ಕೆ ಬಿಗಿದ ವೈಸುಗಳಿದ್ದು, ಒಂದೊಂದರಲ್ಲಿಯೂ ಮೈಲ್ಡ್ ಸ್ಟೀಲಿನ ತುಂಡೊಂದು ಕಚ್ಚಿಕೊಂಡಿರುತ್ತದೆ. ಅದನ್ನು ಅರದಿಂದ ಉಜ್ಜಿ ಸಪಾಟು ಮಾಡುವುದೇ ವಾರಗಟ್ಟಲೆಯ ಕೆಲಸ. ಅರದ ಹಲ್ಲು ಮುಂದಕ್ಕೆ ತಳ್ಳುವಾಗ ಮಾತ್ರ ಕತ್ತರಿಸುವುದರಿಂದ ಹಿಂದಕ್ಕೆ ಎಳೆಯುವಾಗ ಒತ್ತಡವನ್ನು ಸಡಿಲಿಸಬೇಕು, ಮತ್ತು ತಳ್ಳುವ ಉದ್ದಕ್ಕೂ ಎರಡು ಕೈಗಳ ಭಾರವನ್ನು ಕ್ರಮೇಣ ಬದಲಿಸುತ್ತ ಅರವನ್ನು ಮಟ್ಟವಾಗಿಡಬೇಕು. ಹೊಸಬರ ಕೈಯಲ್ಲಿ ಅದು ತೂಗಾಡುವುದರಿಂದ ತುಂಡಿನ ನಡು ಉಬ್ಬಿ ಅಂಚುಗಳು ತಗ್ಗುತ್ತವೆ. ಮೂಲೆಮಟ್ಟವನ್ನು ಒತ್ತಿಹಿಡಿದು ಬೆಳಕಿಗೆ ಎತ್ತಿದಾಗ ಸಂದಿನಿಂದ ಬೆಳಕು ತೂರಿದರೆ ಕೆಲಸ ಮುಗಿದಿಲ್ಲವೆಂದು ಅರ್ಥ. ಅದಾದ ಮೇಲೆ ನೀಲಿ ಬಣ್ಣ ಸವರಿದ ಸರ್ಫೇಸ್ ಪ್ಲೇಟ್ ಎಂಬ ಸಮತಟ್ಟಾದ ಹಲಗೆಯ ಮೇಲೆ ತುಂಡನ್ನು ಉಜ್ಜಿದಾಗ ಎತ್ತರದ ಚುಕ್ಕೆಗಳಿಗಷ್ಟೇ ನೀಲಿ ಅಂಟುತ್ತದೆ. ಆ ಚುಕ್ಕೆಗಳನ್ನು ಹೆರೆದು ಮತ್ತೆ ಉಜ್ಜಬೇಕು. ಮೊದಲಿಗೆ ಅರ್ಧ ಮಿಲಿಮೀಟರಿನಷ್ಟು ಹೆಚ್ಚುಕಡಿಮೆಯನ್ನು ಒಪ್ಪುವ ಬೋಧಕರು, ‘ಮೇಲ್–ಫೀಮೇಲ್’ ಎಂದು ಕರೆಯುವ ಜೋಡಿ ತುಂಡುಗಳ ಅಭ್ಯಾಸಕ್ಕೆ ಬರುವ ಹೊತ್ತಿಗೆ ತಲೆಗೂದಲಿನ ದಪ್ಪದಷ್ಟು ಅಂತರವನ್ನೂ ಒಪ್ಪುವುದಿಲ್ಲ. ಓದಿನಲ್ಲಿ ಹಿಂದೆ ಬಿದ್ದವರಿಗೆ ಎಂದು ಸಮಾಜ ಬಗೆದ ಈ ಕಲಿಕೆಯಲ್ಲಿ ಉತ್ತರ ಸರಿಯೋ ತಪ್ಪೋ ಎಂಬುದನ್ನು ಬೆಳಕೇ ಹೇಳಿಬಿಡುವುದರಿಂದ ಕೃಪಾಂಕಕ್ಕೆ ಎಡೆಯೇ ಇಲ್ಲ.

ಇಂಥ ಕೈಗಳಿಗೆ ಬೆಂಗಳೂರು ಒಂದು ಕಾಲದಲ್ಲಿ ಬಾಯ್ತೆರೆದು ಕಾದಿತ್ತು. 1940ರ ಎಚ್‌ಎಎಲ್ ಜೊತೆಗೆ 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಕಂಪನಿಯ ಸಹಯೋಗದ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಟೆಲಿಫೋನ್ ಕಾರ್ಖಾನೆಯ ಹೆಸರೂ ಐಟಿಐ ಆಗಿದ್ದುದರಿಂದ, ಐಟಿಐ ಓದಿ ಐಟಿಐ ಸೇರಿದವರ ಮಾತನ್ನು ಅರ್ಥಮಾಡಿಕೊಳ್ಳಲು ಹೊರಗಿನವರು ತಿಣುಕಬೇಕಾಗುತ್ತಿತ್ತು. ಈ ಕಾರ್ಖಾನೆಗಳ ಅಪ್ರೆಂಟಿಸ್ ಶಾಲೆಗಳಲ್ಲಿ ಕಲಿತವರಿಗೆ ಕ್ವಾರ್ಟರ್ಸು, ಕ್ಯಾಂಟೀನು, ಪಿ.ಎಫ್. ಸಿಕ್ಕಿ, ಪಿಯುಸಿ ಮೆಟ್ಟಿಲು ಹತ್ತದವರು ನಗರದ ಮಧ್ಯಮ ವರ್ಗಕ್ಕೆ ಸೇರುವ ದಾರಿ ಎರಡು ತಲೆಮಾರಿನವರೆಗೆ ತೆರೆದಿತ್ತು. ಎಚ್‌ಎಂಟಿ ಸೊರಗಿ, ಖಾಯಂ ನೌಕರಿಯ ಜಾಗಕ್ಕೆ ಗುತ್ತಿಗೆ ಬಂದ ಮೇಲೆ ಐಟಿಐ ಪ್ರಮಾಣಪತ್ರದ ಬೆಲೆಯೂ ಇಳಿಯಿತು. ಕಲಿಕೆಯ ದೋಷಗಳ ಬಗ್ಗೆ ಬರೆದವರು ಬಹಳ. ಇಳಿಮುಖಕ್ಕೆ ಅದಕ್ಕಿಂತ ದೊಡ್ಡ ಕಾರಣ ಕಾರ್ಖಾನೆಯ ಗೇಟಿನ ಒಳಗಿತ್ತು.

ಕಸುಬು ಕಲಿಸಲು ಶಾಲೆ ಇನ್ನೊಂದು ಸಲ ಪ್ರಯತ್ನಿಸಿತು. 1964–66ರ ಕೊಠಾರಿ ಆಯೋಗ ಹೈಯರ್ ಸೆಕೆಂಡರಿ ಹಂತದ ಅರ್ಧದಷ್ಟು ವಿದ್ಯಾರ್ಥಿಗಳು ವೃತ್ತಿಶಿಕ್ಷಣದಲ್ಲಿರಬೇಕೆಂಬ ಗುರಿಯನ್ನಿಟ್ಟಿತು. ಅದರ ಜಾಡಿನಲ್ಲಿ ಕರ್ನಾಟಕ 1977ರ ಸುಮಾರಿಗೆ ಪಿಯು ಕಾಲೇಜುಗಳಲ್ಲಿ ಜೆಒಸಿ ಎಂದು ಜನರು ಕರೆದ ಉದ್ಯೋಗಾಧಾರಿತ ಕೋರ್ಸುಗಳನ್ನು ತೆರೆಯಿತು. ಕೆಲವು ದಶಕ ಕುಂಟುತ್ತ ನಡೆದು ಅವು ನಿಂತುಹೋದವು. ಯಂತ್ರವಿಲ್ಲದ ಕೋಣೆಯಲ್ಲಿ, ಅರೆಕಾಲಿಕ ಬೋಧಕರಿಂದ ಕಸುಬು ಕಲಿಸುವುದು ಎಷ್ಟರ ಮಟ್ಟಿಗೆ ಸಾಧ್ಯವೋ ಅಷ್ಟೇ ಆಯಿತು.

ಇವೆಲ್ಲದರ ಬದಿಯಲ್ಲಿ, ಯಾವ ದಾಖಲೆಯಲ್ಲಿಯೂ ಕಾಣದ ಇನ್ನೊಂದು ದೊಡ್ಡ ಪಾಠಶಾಲೆ ನಡೆದುಕೊಂಡೇ ಬಂದಿದೆ. ಗ್ಯಾರೇಜು, ಲೇತ್ ಅಂಗಡಿ, ಗಾರೆ ಕೆಲಸದ ಮೇಸ್ತ್ರಿಯ ತಂಡ ಇವುಗಳಲ್ಲಿ ಹುಡುಗರು ಸ್ಪ್ಯಾನರ್ ಎತ್ತಿಕೊಡುವುದರಿಂದ ಆರಂಭಿಸಿ ಎಂಜಿನ್ ಬಿಚ್ಚುವವರೆಗೆ ಕಲಿಯುತ್ತಾರೆ. ಆರರಿಂದ ಹದಿನಾಲ್ಕು ವರ್ಷದವರೆಗಿನ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯ್ದೆ ಮತ್ತು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ ಹದಿನೆಂಟರವರೆಗೆ ಅಪಾಯಕಾರಿ ಕೆಲಸಗಳಿಂದ ದೂರವಿಡುವ 2016ರ ತಿದ್ದುಪಡಿ ಇಲ್ಲೊಂದು ಗೆರೆ ಎಳೆದಿವೆ. ಎಂಟನೆಯ ತರಗತಿಯ ನಂತರ ಶಾಲೆ ಬಿಟ್ಟು ಐಟಿಐ ಸೇರುವ ಹುಡುಗ ಆ ಗೆರೆಯ ಆಚೆಗಿದ್ದರೆ, ಆರನೆಯ ತರಗತಿ ಬಿಟ್ಟು ಗ್ಯಾರೇಜಿನಲ್ಲಿರುವವನು ಬಾಲಕಾರ್ಮಿಕ. ಗ್ಯಾರೇಜಿನಲ್ಲಿ ಕಲಿತು ದೊಡ್ಡವನಾದವನ ಕೈಗೆ ಪ್ರಮಾಣಪತ್ರ ಕೊಡುವ, ಪೂರ್ವಕಲಿಕೆಯ ಮಾನ್ಯತೆ ಎಂಬ ಏರ್ಪಾಡು ಬಂದದ್ದು ಇತ್ತೀಚಿನ ಕೌಶಲ ಯೋಜನೆಗಳಲ್ಲಿ.

ಬಿಡದಿಯಲ್ಲಿ ಟೊಯೋಟ ಕಂಪನಿ 2007ರಲ್ಲಿ ಗ್ರಾಮೀಣ ಬಡ ಮಕ್ಕಳಿಗಾಗಿ ತೆರೆದ ಮೂರು ವರ್ಷದ ವಸತಿ ತರಬೇತಿ ಸಂಸ್ಥೆ, ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಿದ ಯೋಜನೆ, ಇವು ಅರದ ಪಕ್ಕಕ್ಕೆ ಸಿಎನ್‌ಸಿ ಯಂತ್ರ, ಅಂದರೆ ಗಣಕದ ಆಜ್ಞೆಯಂತೆ ಲೋಹ ಕತ್ತರಿಸುವ ಯಂತ್ರವನ್ನೂ ರೋಬಾಟನ್ನೂ ತಂದು ನಿಲ್ಲಿಸಿವೆ. ಆದರೆ ಶಾಲೆಗೂ ಐಟಿಐಗೂ ನಡುವಿನ ಗೋಡೆ ಕರಗುವುದು ಯಂತ್ರಗಳಿಂದಲ್ಲ, ಪ್ರವೇಶದ ನಿಯಮಗಳಿಂದ. ಎಂಟನೆಯ ತರಗತಿಯ ನಂತರ ಐಟಿಐ ಮಾಡಿದವರು ಅಲ್ಲಿನ ಕಲಿಕೆಯ ಅಂಕಗಳನ್ನು ರಾಷ್ಟ್ರೀಯ ಮುಕ್ತ ಶಾಲೆಗೆ ವರ್ಗಾಯಿಸಿಕೊಂಡು, ಉಳಿದ ವಿಷಯಗಳನ್ನು ಬರೆದು ಹತ್ತನೆಯ ತರಗತಿಯ ಪ್ರಮಾಣಪತ್ರ ಪಡೆಯಬಹುದು. ಎಸ್ಸೆಸ್ಸೆಲ್ಸಿಯ ನಂತರ ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಹೀಗೆ ಸೇರಿದವರು ವರ್ಕ್‌ಶಾಪಿನಲ್ಲಿ ಸಹಪಾಠಿಗಳಿಗೆ ಕಲಿಸಬಲ್ಲಷ್ಟು ಮುಂದಿರುತ್ತಾರೆ; ಐಟಿಐಯ ‘ವರ್ಕ್‌ಶಾಪ್ ಕ್ಯಾಲ್ಕುಲೇಷನ್’ನಲ್ಲಿ ಕಲನಶಾಸ್ತ್ರ ಇಲ್ಲದಿರುವುದರಿಂದ, ಡಿಪ್ಲೊಮಾದ ಮೊದಲ ವರ್ಷದ ಗಣಿತವನ್ನು ಮಾತ್ರ ಅವರು ತಾವಾಗಿಯೇ ಓದಿ ತುಂಬಿಕೊಳ್ಳಬೇಕಾಗುತ್ತದೆ.