ದುಡಿದು ಮಡಿದವರ ವಂಶಾವಳಿ: ಇಂಗ್ಲೆಂಡಿನ ಶ್ರಮಿಕ ಮುತ್ತಜ್ಜ-ಮುತ್ತಜ್ಜಿಯರನ್ನು ಅರಸುವ ಬಗೆ

ಅರಸರ ವಂಶಾವಳಿಯನ್ನು ಬರೆಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಶಾಸನಗಳಿವೆ, ನಾಣ್ಯಗಳಿವೆ, ಆಸ್ಥಾನಕವಿಗಳ ಪೀಠಿಕಾಸಂಧಿಗಳಿವೆ. ಆದರೆ ಬೆಳಗಿನಿಂದ ಬೈಗಿನವರೆಗೆ ಮೈಮುರಿದು ದುಡಿದು, ಬಾಡಿಗೆಯ ಕೋಣೆಯಲ್ಲಿ ಬದುಕಿ, ಗುರುತಿನ ಕಲ್ಲೂ ಇಲ್ಲದ ಮಣ್ಣಿನಲ್ಲಿ ಮಲಗಿದವನ ವಂಶಾವಳಿಯನ್ನು ಬರೆಯುವುದೆಂತು? ನಮ್ಮ ಸೀಮೆಯಲ್ಲಿ ಹೆಳವರು ಎತ್ತಿನ ಮೇಲೆ ಬಂದು ಒಕ್ಕಲು ಮನೆತನಗಳ ತಲೆಮಾರುಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದರು. ಇಂಗ್ಲೆಂಡಿನ ಕೂಲಿಕಾರನಿಗೆ ಅಂಥ ಹೆಳವನಿರಲಿಲ್ಲ. ಅವನ ಪಾಲಿಗೆ ಹೆಳವನಾಗಿ ಒದಗಿದವನು ಸರಕಾರದ ಗುಮಾಸ್ತ.

ಈ ವಿಷಯವನ್ನು ಕುರಿತು ಬರೆಯಲು ಒಂದು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದಲ್ಲಿ ವೈದ್ಯರಾಗಿದ್ದಾರೆ. ಅವರ ಧರ್ಮಪತ್ನಿ ಅಲ್ಲಿಯವರೇ. ಕಳೆದ ವರ್ಷ ದಂಪತಿಗಳು ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದರು. ಆ ತಾಯಿ ತಮ್ಮ ಮುತ್ತಜ್ಜಿಯ ವೃತ್ತಾಂತವನ್ನು ಹಲವು ವರ್ಷಗಳಿಂದ ಅರಸುತ್ತಿರುವರೆಂದು ತಿಳಿಯಿತು. ಮುತ್ತಜ್ಜಿ ಹತ್ತಿಗಿರಣಿಯ ನೇಕಾರಳು. ಅವರು ತಂದಿದ್ದ ಕಾಗದಗಳ ಪ್ರತಿಗಳಲ್ಲಿ ಎರಡು ವಿವಾಹಪತ್ರಗಳಿದ್ದವು. 1890ರ ದಶಕದ ಒಂದರಲ್ಲಿ ಮುತ್ತಜ್ಜಿ ತನ್ನ ಹೆಸರನ್ನು ತಾನೇ ಬರೆದಿದ್ದಳು. 1860ರ ದಶಕದ ಮತ್ತೊಂದರಲ್ಲಿ ಅವಳ ತಾಯಿ ಒಂದು ಕತ್ತರಿಗುರುತನ್ನು ಎಳೆದಿದ್ದಳು. ಜೀವಮಾನವನ್ನೆಲ್ಲ ಅಕ್ಷರ ಕಲಿಸುವುದರಲ್ಲಿ ಕಳೆದ ನನಗೆ ಆ ಎರಡು ಕಾಗದಗಳ ನಡುವಣ ದೂರವನ್ನು ತಿಳಿಯಬೇಕೆನ್ನಿಸಿತು. ಹಾಗೆ ಓದಿ, ಕೇಳಿ, ತಿಳಿದುದರ ಸಾರಾಂಶವಿದು.

ವಂಶಶೋಧನೆಯ ಮೊದಲನೆಯ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಹಿಮ್ಮುಖವಾಗಿ ಹೋಗಬೇಕೆಂಬುದು. ಮೊದಲು ಮನೆಯ ಹಿರಿಯರನ್ನು ಕೇಳಬೇಕು. ಬಳಿಕ ಜನನ, ವಿವಾಹ, ಮರಣಗಳ ನೋಂದಣಿಯನ್ನು ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳಲ್ಲಿ ಸರಕಾರೀ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಅದಕ್ಕೂ ಹಿಂದೆ, 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಿಂದ ಮೊದಲುಗೊಂಡು, ಪ್ರತಿ ಪ್ಯಾರಿಷ್ ಚರ್ಚಿನಲ್ಲಿಯೂ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುವ ಪುಸ್ತಕವಿತ್ತು. 1813ರಿಂದ ಅಚ್ಚಾದ ನಮೂನೆ ಬಂದು, ಜ್ಞಾನಸ್ನಾನದ ದಾಖಲೆಯಲ್ಲಿ ತಂದೆಯ ಕಸುಬನ್ನೂ ವಾಸಸ್ಥಳವನ್ನೂ ಬರೆಯುವುದು ಕಡ್ಡಾಯವಾಯಿತು. ಆ ಕಸುಬಿನ ಅಂಕಣದಲ್ಲಿ ಮತ್ತೆ ಮತ್ತೆ ಕಾಣುವ ಶಬ್ದ ‘ಲೇಬರರ್’, ಎಂದರೆ ಕೂಲಿಕಾರ.

ಜನನಪತ್ರದಲ್ಲಿ ಮಗುವಿನ ಹೆಸರು, ತಂದೆಯ ಹೆಸರು ಮತ್ತು ಕಸುಬು, ತಾಯಿಯ ಹೆಸರು ಮತ್ತು ಅವಳ ತವರಿನ ಮನೆತನದ ಹೆಸರು ಇರುತ್ತವೆ. ತವರಿನ ಹೆಸರೇ ಹಿಂದಿನ ತಲೆಮಾರಿಗೆ ಹೋಗುವ ಬಾಗಿಲು. ತಂದೆಯ ಅಂಕಣ ಖಾಲಿಯಿದ್ದರೆ ಮದುವೆಯಿಲ್ಲದೆ ಹುಟ್ಟಿದ ಮಗುವೆಂದು ಸಾಮಾನ್ಯವಾಗಿ ತಿಳಿಯಬಹುದು. ವಿವಾಹಪತ್ರದಲ್ಲಿ ವಧೂವರರ ವಯಸ್ಸು, ಕಸುಬು, ವಾಸ, ಇಬ್ಬರ ತಂದೆಯರ ಹೆಸರು ಮತ್ತು ಕಸುಬುಗಳು ಬರುತ್ತವೆ. ತಾಯಂದಿರ ಹೆಸರು ಬರುತ್ತಿರಲಿಲ್ಲ. ಅದಕ್ಕೆ ಅವಕಾಶವಾದದ್ದು 2021ರ ಮೇ ತಿಂಗಳಿನಿಂದ ಮಾತ್ರ. ಹೆತ್ತು ಸಾಕಿದವಳ ಹೆಸರು ಮಗಳ ಮದುವೆಯ ಕಾಗದದ ಮೇಲೆ ಬರಲು ನೂರೆಂಬತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವೆಂಬುದು ಯೋಚಿಸತಕ್ಕ ಸಂಗತಿ.

ಎರಡನೆಯ ಆಧಾರ ಜನಗಣತಿ. ಅದು 1801ರಿಂದ ಹತ್ತು ವರ್ಷಗಳಿಗೊಮ್ಮೆ ನಡೆದರೂ, ದೇಶದಾದ್ಯಂತ ವ್ಯಕ್ತಿಗಳ ಹೆಸರು ಉಳಿದಿರುವುದು 1841ರ ಗಣತಿಯಿಂದ. ಆ ವರ್ಷ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಮೂವತ್ತೊಂಬತ್ತರವನು ಮೂವತ್ತೈದರವನಾಗಿ ಕಾಣುವನು. 1851ರಿಂದ ಮನೆಯ ಯಜಮಾನನೊಡನೆ ಪ್ರತಿಯೊಬ್ಬರ ಸಂಬಂಧವೇನು, ಹುಟ್ಟಿದ ಊರು ಯಾವುದು ಎಂಬ ವಿವರಗಳು ಸೇರಿದವು. ಹುಟ್ಟಿದ ಊರಿನ ಅಂಕಣವೊಂದರಿಂದಲೇ ಒಂದು ಕುಟುಂಬದ ವಲಸೆಯನ್ನು ಓದಬಹುದು. ತಂದೆ ಹಳ್ಳಿಯಲ್ಲಿ, ಮೊದಲ ಮಗು ಸಣ್ಣ ಪಟ್ಟಣದಲ್ಲಿ, ಕೊನೆಯ ಮಗು ಗಿರಣಿಯೂರಿನಲ್ಲಿ ಹುಟ್ಟಿದ್ದರೆ, ಹೊಲ ಬಿಟ್ಟು ಹೊಗೆಯ ಕಡೆಗೆ ನಡೆದ ದಾರಿಯೇ ಕಣ್ಣ ಮುಂದೆ ಬರುತ್ತದೆ.

1911ರ ಗಣತಿಗೆ ಒಂದು ವಿಶೇಷವಿದೆ. ಹಿಂದಿನ ಗಣತಿಗಳಲ್ಲಿ ಮನೆಯವರು ತುಂಬಿದ ಕಾಗದಗಳನ್ನು ಗಣತಿದಾರನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಂಡ ಮೇಲೆ ನಾಶಪಡಿಸುತ್ತಿದ್ದರು. 1911ರಲ್ಲಿ ಮೂಲ ಕಾಗದಗಳೇ ಉಳಿದವು. ಮುತ್ತಜ್ಜನ ಕೈಬರಹವೇ ಸಿಗುತ್ತದೆ. ಮದುವೆಯಾದ ಸ್ತ್ರೀಯರ ವಿಷಯದಲ್ಲಿ ಆ ವರ್ಷ ಕೇಳಿದ ಪ್ರಶ್ನೆಗಳು ಇವು: ಮದುವೆಯಾಗಿ ಎಷ್ಟು ವರ್ಷ? ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು? ಬದುಕಿರುವವರೆಷ್ಟು? ತೀರಿಕೊಂಡವರೆಷ್ಟು? ನನ್ನ ವಿದ್ಯಾರ್ಥಿಯ ಪತ್ನಿ ತೋರಿಸಿದ ಹಾಳೆಯಲ್ಲಿ ಎಂಟು, ಐದು, ಮೂರು ಎಂಬ ಅಂಕಿಗಳಿದ್ದವು. ಆ ಮೂವರ ವಿಷಯ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಜ್ಜಿಯೂ ಹೇಳಿದವಳಲ್ಲ. ಒಂದು ಗಣತಿಗೂ ಮತ್ತೊಂದಕ್ಕೂ ನಡುವೆ ಹುಟ್ಟಿ, ನಡುವೆಯೇ ಸತ್ತ ಮಗುವಿನ ಹೆಸರು ಯಾವ ಗಣತಿಯಲ್ಲಿಯೂ ಬರುವುದಿಲ್ಲ. ಆಕೆ ಆ ಅಂಕಿಯ ಬೆನ್ನು ಹತ್ತಿ, ಜನನ-ಮರಣ ಸೂಚಿಗಳನ್ನು ತಾಳೆ ನೋಡಿ, ಮೂವರ ಹೆಸರುಗಳನ್ನೂ ಕಂಡುಹಿಡಿದಿದ್ದರು. ಆ ಹೆಸರುಗಳನ್ನು ಓದಿ ಹೇಳುವಾಗ ಅವರ ದನಿ ತಗ್ಗಿತು.

ಮೂರನೆಯ ಆಧಾರ ಬಡತನದ ದಾಖಲೆಗಳು. ಸಿರಿವಂತನ ಬದುಕು ಉಯಿಲಿನಲ್ಲಿ ಉಳಿದರೆ ಬಡವನ ಬದುಕು ಅವನು ಕೈಚಾಚಿದ ಕಡೆ ಉಳಿಯುತ್ತದೆ. 1662ರ ಕಾಯಿದೆಯ ಪ್ರಕಾರ ಕೆಲಸ ಅರಸಿ ಬಂದ ಬಡವನನ್ನು, ಅವನು ಪರಿಹಾರ ಬೇಡುವನೆಂಬ ಭಯದಿಂದ, ಅವನ ಮೂಲದ ಪ್ಯಾರಿಷ್‌ಗೆ ಹಿಂದಟ್ಟಬಹುದಾಗಿತ್ತು. ಹಾಗೆ ಅಟ್ಟುವ ಮುನ್ನ ನ್ಯಾಯಾಧಿಕಾರಿಗಳ ಮುಂದೆ ನಡೆದ ವಿಚಾರಣೆಯ ಹೇಳಿಕೆಗಳಲ್ಲಿ ಎಲ್ಲಿ ಹುಟ್ಟಿದ, ಯಾರ ಬಳಿ ಜೀತಕ್ಕಿದ್ದ, ಎಷ್ಟು ಸಂಬಳ ಎಂಬ ವಿವರಗಳಿರುತ್ತವೆ. ಅವಮಾನಕ್ಕೆಂದು ಬರೆದ ಕಾಗದವೇ ಇಂದು ಅವನ ಆತ್ಮಚರಿತ್ರೆಯಾಗಿದೆ. 1834ರ ಬಡವರ ಕಾಯಿದೆಯ ತರುವಾಯ ‘ವರ್ಕ್‌ಹೌಸ್’ ಎಂಬ ದುಡಿಮೆಮನೆಗಳು ಎಲ್ಲೆಡೆ ಎದ್ದವು. ಅಲ್ಲಿ ಸೇರಿದ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಅಲ್ಲಿ ಹುಟ್ಟಿದ ಮಗುವಿಗೆ ಜೀವಮಾನವೆಲ್ಲ ಕಳಂಕ ಅಂಟದಿರಲೆಂದು, 1904ರಿಂದ ಜನನಪತ್ರದಲ್ಲಿ ವರ್ಕ್‌ಹೌಸಿನ ಹೆಸರಿನ ಬದಲು ಸಾಧಾರಣ ಬೀದಿಯ ವಿಳಾಸವನ್ನು ಬರೆಯುವ ಪದ್ಧತಿ ಬಂತು. ಇದನ್ನರಿಯದ ಶೋಧಕನು ಮುತ್ತಜ್ಜ ಒಳ್ಳೆಯ ಬೀದಿಯಲ್ಲಿಯೇ ಹುಟ್ಟಿದನೆಂದು ಭ್ರಮಿಸಬಹುದು. 1832ರ ಅಂಗರಚನಾ ಕಾಯಿದೆಯಂತೆ, ಕೇಳುವವರಿಲ್ಲದೆ ಅಲ್ಲಿ ಸತ್ತವರ ದೇಹಗಳು ವೈದ್ಯಶಾಲೆಗಳಿಗೆ ಹೋಗುತ್ತಿದ್ದವು. ಹೊಟ್ಟೆಗಿಲ್ಲದಿದ್ದರೂ ಕೂಲಿಯವರು ವಾರಕ್ಕೊಂದು ಪೆನ್ನಿ ಕಟ್ಟಿ ಶವಸಂಸ್ಕಾರದ ಸಂಘಗಳಲ್ಲಿ ಸದಸ್ಯರಾಗುತ್ತಿದ್ದುದು ಏಕೆಂಬುದು ಇದರಿಂದ ವಿಶದವಾಗುತ್ತದೆ.

ನಾಲ್ಕನೆಯದು ಶಾಲೆಯ ದಾಖಲೆ. ಅಧ್ಯಾಪಕ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. 1860ರ ದಶಕದಿಂದ ಸರಕಾರದ ಸಹಾಯಧನ ಪಡೆಯುವ ಶಾಲೆಯ ಮುಖ್ಯೋಪಾಧ್ಯಾಯನು ದಿನಚರಿ ಪುಸ್ತಕವನ್ನು ಇಡಬೇಕಾಗಿತ್ತು. ಆಲೂಗಡ್ಡೆ ಕೀಳಲು ಹೋದ ಮಕ್ಕಳು, ಜ್ವರದಿಂದ ಮುಚ್ಚಿದ ಶಾಲೆ, ಪಾದರಕ್ಷೆಯಿಲ್ಲದೆ ಮನೆಯಲ್ಲುಳಿದ ಹುಡುಗ ಇವೆಲ್ಲ ಅಲ್ಲಿ ಒಂದೊಂದು ಸಾಲಾಗಿ ನಿಂತಿವೆ. 1870ರ ಕಾಯಿದೆ ಊರೂರಿಗೆ ಶಾಲೆಗಳನ್ನು ಒದಗಿಸಿತು. 1880ರಲ್ಲಿ ಹಾಜರಾತಿ ಕಡ್ಡಾಯವಾಯಿತು. 1891ರಲ್ಲಿ ಬಹುಪಾಲು ಶಾಲೆಗಳಲ್ಲಿ ಶುಲ್ಕ ತಪ್ಪಿತು. ಆದರೂ ಗಿರಣಿಯೂರುಗಳ ಮಕ್ಕಳು ಹತ್ತು ವರ್ಷಕ್ಕೇ ‘ಅರ್ಧಕಾಲದವರು’ ಎನಿಸಿ, ಅರ್ಧ ದಿನ ಮಗ್ಗದ ಬಳಿ, ಅರ್ಧ ದಿನ ಹಲಗೆಯ ಮುಂದೆ ಇರುತ್ತಿದ್ದರು. ಆ ವಯಸ್ಸಿನ ಮಿತಿ 1893ರಲ್ಲಿ ಹನ್ನೊಂದಕ್ಕೆ, ಅನಂತರ ಹನ್ನೆರಡಕ್ಕೆ ಏರಿ, 1918ರ ಕಾಯಿದೆಯ ಪರಿಣಾಮವಾಗಿ ಪದ್ಧತಿಯೇ ನಿಂತಿತು. ನಾನು ಕಂಡ ವಿವಾಹಪತ್ರದ ಮುತ್ತಜ್ಜಿಯೂ ಇಂಥ ಅರ್ಧಕಾಲದ ಬಾಲಿಕೆಯೇ. ಮಗ್ಗಗಳ ಸದ್ದಿನಲ್ಲಿ ಕಿವಿ ಕೇಳಿಸದೆ, ತುಟಿಯ ಚಲನೆಯನ್ನೇ ನೋಡಿ ಮಾತನ್ನು ತಿಳಿಯುತ್ತಿದ್ದ ಆ ನೇಕಾರ ಹೆಣ್ಣುಮಕ್ಕಳು, ಉಳಿದ ಅರ್ಧ ದಿನದಲ್ಲಿ ಕಲಿತದ್ದೇ ಆ ಸಹಿ. ತಾಯಿಯ ಕತ್ತರಿಗುರುತಿಗೂ ಮಗಳ ಸಹಿಗೂ ನಡುವೆ ನಿಂತಿದ್ದುದು ಒಂದು ಶಾಲೆ. ಶತಮಾನದ ಮಧ್ಯದಲ್ಲಿ ಮದುವೆಯಾಗುವ ವಧುಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಕತ್ತರಿಗುರುತು ಹಾಕುತ್ತಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಅಂಥವರು ವಿರಳವಾಗಿದ್ದರು.

ಈ ಶೋಧನೆಯಲ್ಲಿ ತೊಡಕುಗಳೂ ಬಹಳ. ಜಾನ್, ವಿಲಿಯಂ, ಮೇರಿ, ಎಲಿಜಬೆತ್ ಎಂಬ ಕೆಲವೇ ಹೆಸರುಗಳು ಊರ ತುಂಬ ಇರುತ್ತಿದ್ದವು. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವ ರೂಢಿಯೂ ಇತ್ತು. ಮರಣದ ಸೂಚಿಯನ್ನು ನೋಡದವನು ಸತ್ತ ಅಣ್ಣನನ್ನೇ ತನ್ನ ಮುತ್ತಜ್ಜನೆಂದು ಬರೆದುಕೊಂಡಾನು. ಓದು ಬಾರದವನು ತನ್ನ ಹೆಸರನ್ನು ಹೇಳಿದ, ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದ. ಹೀಗಾಗಿ ಒಂದೇ ಮನೆತನದ ಹೆಸರು ಮೂರು ನಾಲ್ಕು ಕಾಗುಣಿತಗಳಲ್ಲಿ ದೊರೆಯುತ್ತದೆ. ಅಲ್ಲಿಯ ಕೆಲಸಗಾರರ ಆಡುಮಾತಿನಲ್ಲಿ ಪದಾದಿಯ ಹಕಾರ ಬಿದ್ದುಹೋಗುವುದುಂಟು. ‘ಹಾಲು’ ‘ಆಲು’ ಆಗುವುದನ್ನು ಕೇಳಿ ಬಲ್ಲ ನಮಗೆ ಇದು ಹೊಸದಲ್ಲ. ಹಕಾರದಿಂದ ಮೊದಲಾಗುವ ಹೆಸರನ್ನು ಸ್ವರಾಕ್ಷರದ ಕೆಳಗೂ ಹುಡುಕಬೇಕು. ಇನ್ನು ಕೆಲವು ದಾಖಲೆಗಳು ಬೆಂಕಿಗೆ ಆಹುತಿಯಾಗಿವೆ. 1931ರ ಗಣತಿಯ ಕಾಗದಗಳು 1942ರ ಡಿಸೆಂಬರಿನಲ್ಲಿ ಸುಟ್ಟುಹೋದವು. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಸಾಮಾನ್ಯ ಸೈನಿಕರ ಸೇವಾದಾಖಲೆಗಳಲ್ಲಿ ಹೆಚ್ಚಿನ ಭಾಗ 1940ರ ಸೆಪ್ಟೆಂಬರಿನ ಬಾಂಬುದಾಳಿಯಲ್ಲಿ ನಾಶವಾಯಿತು. ಅಂಚು ಕರಕಾದ ಕೆಲವು ಹಾಳೆಗಳು ಉಳಿದಿವೆ.

ಈ ಕಥೆಯಲ್ಲಿ ನಮ್ಮ ನಾಡಿನ ಎಳೆಯೂ ಒಂದುಂಟು. ಅಮೆರಿಕದ ಅಂತರ್ಯುದ್ಧದಿಂದಾಗಿ 1861ರಿಂದ 1865ರವರೆಗೆ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಾಲದೆ ಸಹಸ್ರಾರು ನೇಕಾರರು ಕೆಲಸ ಕಳೆದುಕೊಂಡರು. ಆಗ ಧಾರವಾಡ ಸೀಮೆಯ ಹತ್ತಿ ಕುಮಟೆಯ ಬಂದರಿನಿಂದ ಮುಂಬಯಿಗೂ ಅಲ್ಲಿಂದ ಇಂಗ್ಲೆಂಡಿಗೂ ಹೋಯಿತು. ನಮ್ಮ ರೈತನಿಗೆ ಒಳ್ಳೆಯ ಬೆಲೆ ಬಂತು. ಆದರೆ ‘ಸೂರತ್’ ಎಂಬ ಒಟ್ಟು ಹೆಸರಿನಿಂದ ಅಲ್ಲಿ ಕರೆಯಲ್ಪಟ್ಟ ಭಾರತದ ಗಿಡ್ಡ ಎಳೆಯ ಹತ್ತಿ ಮಗ್ಗದಲ್ಲಿ ಪದೇ ಪದೇ ಕಡಿದು, ನೇಯ್ದಷ್ಟಕ್ಕೇ ಕೂಲಿ ಪಡೆಯುವ ಅಲ್ಲಿನ ಹೆಣ್ಣುಮಗಳ ಸಂಪಾದನೆ ಕುಗ್ಗಿತು. ಕತ್ತರಿಗುರುತು ಎಳೆದ ಆ ತಾಯಿಯ ಕೈಯೂ ನಮ್ಮ ಎರೆಹೊಲದ ಹತ್ತಿಯನ್ನು ಮುಟ್ಟಿರಬಹುದು. ಇದು ಊಹೆ, ಊಹೆಯನ್ನು ಊಹೆಯೆಂದೇ ಬರೆದಿಡುವುದು ವಂಶಶೋಧಕನ ಧರ್ಮ. ಅಂತೆಯೇ 1880ರ ಬಳಿಕ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಕೋಲಾರದ ಚಿನ್ನದ ಗಣಿಗೆ ಬಂದರು. ಅವರ ಮರಿಮಕ್ಕಳು ಇಂದು ತಮ್ಮವರ ಜಾಡನ್ನು ನಮ್ಮ ನೆಲದಲ್ಲಿಯೂ ಅರಸಬೇಕಾಗಿದೆ.

ಈಗ ಅಂತರಜಾಲದ ಮೂಲಕ ಈ ದಾಖಲೆಗಳಲ್ಲಿ ಅನೇಕವನ್ನು ಮನೆಯಲ್ಲಿ ಕುಳಿತೇ ನೋಡಬಹುದು. 1901ರ ಗಣತಿಯನ್ನು 2002ರ ಜನವರಿಯಲ್ಲಿ ಹೀಗೆ ತೆರೆದಿಟ್ಟಾಗ, ನೋಡಬಂದವರ ನೂಕುನುಗ್ಗಲನ್ನು ತಾಳಲಾರದೆ ವ್ಯವಸ್ಥೆಯೇ ಕೆಲವು ದಿನಗಳಲ್ಲಿ ನಿಂತುಹೋಯಿತು. ನೂರು ವರ್ಷ ಮುಚ್ಚಿಡುವ ನಿಯಮದಂತೆ ಕಾದಿದ್ದ 1921ರ ಗಣತಿ 2022ರಲ್ಲಿ ಹೊರಬಂತು. ಅವರು ಅರಸಿದ್ದು ಪ್ರಭುಗಳನ್ನಲ್ಲ. ಬಹುಮಟ್ಟಿಗೆ ಅಗಸಗಿತ್ತಿಯರನ್ನು, ಗಣಿಕೂಲಿಗಳನ್ನು, ಮನೆಗೆಲಸದ ಹುಡುಗಿಯರನ್ನು.

ಸ್ಮರಣಸಂಚಿಕೆಯ ವಾಚಕರಲ್ಲಿ ಒಂದು ವಿಜ್ಞಾಪನೆಯೊಡನೆ ಮುಗಿಸುತ್ತೇನೆ. ಆ ದೇಶದ ಯಾವುದೋ ಸಣ್ಣ ಶಾಲೆಯ ಉಪಾಧ್ಯಾಯನು, ತನ್ನ ಬರಹವನ್ನು ಮುಂದೆ ಯಾರಾದರೂ ಓದುವರೆಂಬ ನಿರೀಕ್ಷೆಯಿಲ್ಲದೆ, ಕರ್ತವ್ಯವೆಂದು ಒಂದು ಸಾಲು ಬರೆದ. ನೂರು ವರ್ಷಗಳಾಚೆ ಅದು ಮರಿಮಗಳೊಬ್ಬಳ ಕೈಗೆ ಮುತ್ತಜ್ಜಿಯನ್ನು ಮರಳಿಸಿತು. ನಮ್ಮ ಶಾಲೆಯ ಪ್ರವೇಶ ಪುಸ್ತಕಗಳಲ್ಲಿಯೂ ಮನೆತನದಲ್ಲಿ ಮೊದಲ ಬಾರಿಗೆ ಅಕ್ಷರ ಕಂಡವರ ಹೆಸರುಗಳಿವೆ. ಕೆಲವು ಹಾಳೆಗಳನ್ನು ಗೆದ್ದಲು ಮುಟ್ಟಿದೆ. ದಾನಿಗಳು ಕಟ್ಟಡಕ್ಕೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಬೀರುವಿಗೂ ಪಾಲಿರಲಿ. ಅಧ್ಯಾಪಕರು ಆ ಪುಸ್ತಕಗಳಲ್ಲಿ ಹೆಸರನ್ನು ಪೂರ್ಣವಾಗಿ ಬರೆಯಲಿ, ತಾಯಿಯ ಹೆಸರನ್ನು ಬಿಡದಿರಲಿ.